ತಿದ್ದೋದು ಅಂದ್ರ ಅಳಸೋದಲ್ಲ

ನಮ್ಮ ಮನಿ ಊಟದ ಟೇಬಲ್ ಮ್ಯಾಲೆ ನಾಲ್ಕ ತಿಂಗಳಿಂದ ಒಂದು ಬಾಂಬರ್ ವಿಮಾನ ಠಿಕಾಣಿ ಹೂಡೇದ. ಎರಡನೇ ಮಹಾಯುದ್ಧದ ಬಿ-24 ಲಿಬರೇಟರ್, 1:72 ಅಳತಿ ಪ್ಲಾಸ್ಟಿಕ್ ಮಾಡೆಲ್. ಖರೇ ವಿಮಾನದ ರೆಕ್ಕಿ ಈ ತುದಿಯಿಂದ ಆ ತುದಿಗೆ 110 ಫೂಟು. ನಂದು 46 ಸೆಂಟಿಮೀಟರ್ ಮ್ಯಾಲೆ ಒಂಚೂರು. ಅಷ್ಟಕ್ಕ ನಾಲ್ಕ ಮಂದಿ ಉಣ್ಣೋ ಟೇಬಲ್ಲಿನ್ಯಾಗ ಇಬ್ಬರು ತಾಟು ಕೈಯಾಗ ಹಿಡಕೊಂಡು ಕೂಡೋ ಹಂಗ ಆಗೇದ. "ಯುದ್ಧ ಮುಗದು ಎಂಬತ್ತ ವರ್ಷ ಆತು, ನಿಮ್ಮ ವಿಮಾನ ಯಾವಾಗ ಇಳೀತದ?" ಅಂತ ಹೆಂಡತಿ ದಿನಾ ಕೇಳ್ತಾಳ. ಥಿನ್ನರ್ ವಾಸನಿಯೊಳಗ ಸಾರಿನ ಒಗ್ಗರಣಿ ವಾಸನಿನೂ ಹತ್ತವಲ್ದು ಅಂತ ಅವ್ವನ ತಕರಾರು ಬ್ಯಾರೆ.

ಇವರ ತಕರಾರು ನ್ಯಾಯದ್ದು, ಒಪ್ಪತೇನಿ. ಇವತ್ತ ನಾ ಜಗಳಾ ತಗದಿದ್ದು ಇವರ ಜೋಡಿ ಅಲ್ಲ. ನನ್ನಂಗ ಪ್ಲಾಸ್ಟಿಕ್ ವಿಮಾನ ಜೋಡಸೋ ಶಾಣ್ಯಾರ ಜೋಡಿ.

ಆಗಿದ್ದಿಷ್ಟು. ಹೋದ ತಿಂಗಳ ಈ ಲಿಬರೇಟರ್ ತಗೊಂಡು ಒಂದು ಪ್ರದರ್ಶನಕ್ಕ ಹೋಗಿದ್ದೆ. ಪರೀಕ್ಷಕರು ಬ್ಯಾಟರಿ ಬಿಟ್ಟು, ಕನ್ನಡಕ ಏರಿಸಿ ನೋಡಿದ್ರು. "ಕೆಲಸ ಚಲೋ ಅದ. ಆದ್ರ ಅಲ್ಲಲ್ಲೆ ಪತ್ರಾದ ಹೊಳಪು ಬ್ಯಾರೆ ಬ್ಯಾರೆ ಬಂದದ, ತಿದ್ದಿಲ್ಲ. ಮ್ಯಾಲೆ ಭಾರತದ ಗುರ್ತು ಹಚ್ಚೀರಿ. ಇದು ಯುದ್ಧಕಾಲದ ಬಾಂಬರ್, ಯುದ್ಧಕಾಲದ ಬಣ್ಣಕ್ಕ ಕರೆಕ್ಟ್ ಮಾಡ್ಕೊಂಡು ಬರ್ರಿ" ಅಂದ್ರು. ಸುತ್ತ ನಿಂತವ್ರೂ ತಲಿ ಹಾಕಿದ್ರು. ನಾ ಮಾತಾಡದ ಡಬ್ಬಿಗೆ ಹಾಕ್ಕೊಂಡು ಮನಿಗೆ ಬಂದೆ. ಅಲ್ಲೆ ಹೇಳಬೇಕಾಗಿದ್ದನ್ನ ಇಲ್ಲೆ ಹೇಳ್ತೇನಿ.

ಮೊದಲಿಗೆ ಒಂದು ಮಾತು. ತಿದ್ದೋದರ ವಿರುದ್ಧ ನಾ ಅಲ್ಲ. "ಮಕ್ಕಳ ಆಟಿಗಿ, ಹೆಂಗಿದ್ರೇನು" ಅನ್ನೋವ್ರನ್ನ ಕಂಡ್ರ ನನಗೂ ಆಗಂಗಿಲ್ಲ. 1:72ರೊಳಗ ಒಂದು ಮಿಲಿಮೀಟರ್ ತಪ್ಪಂದ್ರ ಖರೇ ವಿಮಾನದಾಗ 7 ಸೆಂಟಿಮೀಟರಿಗೂ ಹೆಚ್ಚು. ನನ್ನ ಕಿಟ್ಟಿನೊಳಗ ಹಿಂದಿನ ಎರಡೂ ಬಾಲದ ರೆಕ್ಕಿ 2 ಮಿಲಿಮೀಟರ್ ಗಿಡ್ಡ ಇದ್ದೂ. ಪ್ಲಾಸ್ಟಿಕ್ ಶೀಟ್ ಅಂಟಿಸಿ, ಪುಟ್ಟಿ ತುಂಬಿ, ಉಜ್ಜಿ ಉಜ್ಜಿ ಆ ಲಂಬಗೋಲ ಆಕಾರ ಬರಸೋದಕ್ಕ ಎರಡ ಆಯಿತವಾರ ಹೋದೂ. ಉಬ್ಬಿದ ಗೆರಿ ಎಲ್ಲಾ ಉಜ್ಜಿ ತಗದು, ಸೂಜಿ ಮನಿಲೆ ಹೊಸಾ ಗೆರಿ ಕೊರದೆ. ಲಿಬರೇಟರಿಗೆ ಮೂರ ಗಾಲಿ, ಅದರಾಗ ಒಂದು ಮೂಗಿನ ಕೆಳಗ. ಮುಂದ ಭಾರ ಇಡದಿದ್ರ ಮಾಡೆಲ್ ಬಾಲದ ಮ್ಯಾಲೆ ಕೂತುಬಿಡ್ತದ. ಸೈಕಲ್ ಅಂಗಡಿಯಿಂದ ಬೇರಿಂಗ್ ಗೋಲಿ ತಂದು ಮೂಗಿನ್ಯಾಗ ತುಂಬೇನಿ. ಇಷ್ಟ ಮಾಡಿದಾವಗ "ತಿದ್ದಿಲ್ಲ" ಅಂದ್ರ ಸಿಟ್ಟು ಬರಂಗಿಲ್ಲೇನ್ರಿ?

ಆದ್ರ ನನ್ನ ಸಿಟ್ಟಿಗೆ ಖರೇ ಕಾರಣ ಬ್ಯಾರೆ. ಅವರು ತಪ್ಪು ಅಂದ್ರಲ್ಲ, ಅದನ್ನ ನಾ ಬೇಕಂತನ ಮಾಡಿದ್ದು.

ನಮ್ಮ ದೊಡ್ಡಪ್ಪ ಧಾರವಾಡ ಬಿಟ್ಟು ಬೆಂಗಳೂರಿಗೆ ಹೋಗಿ ಎಚ್.ಎ.ಎಲ್. ಒಳಗ ಫಿಟ್ಟರ್ ಆಗಿದ್ದ. ಆವಾಗ ಅದರ ಹೆಸರು ಹಿಂದುಸ್ತಾನ್ ಏರ್‌ಕ್ರಾಫ್ಟ್. ಯುದ್ಧದಾಗ ಬ್ರಿಟಿಷ್ ವಾಯುದಳ ಅಮೆರಿಕದಿಂದ ಲೆಂಡ್-ಲೀಸ್ ಕರಾರಿನ ಮ್ಯಾಲೆ ಲಿಬರೇಟರ್ ತರಿಸಿತ್ತು. ಯುದ್ಧ ಮುಗೀತು. ಅವನ್ನ ಹೊಳ್ಳಿ ಒಯ್ಯೋವ್ರು ಯಾರೂ ಇಲ್ಲ, ಮತ್ತೊಬ್ಬರು ಹಾರಸಲೂಬಾರದು. ಹಿಂಗಾಗಿ ಕಾನ್ಪುರದಾಗ ಸಾಲಾಗಿ ನಿಲ್ಲಿಸಿ, ಬೇಕಂತನ ಕೆಡಿಸಿ ಬಿಟ್ಟು ಹೋದ್ರು. ನಮ್ಮವ್ರು ಹೋಗಿ ಒಂದೊಂದನ್ನ ತಡವಿ ನೋಡಿ, ಬೆಂಗಳೂರು ಮುಟ್ಟೋ ಅಷ್ಟರ ಮಟ್ಟಿಗೆ ರಿಪೇರಿ ಮಾಡಿದ್ರು. ಎಚ್.ಎ.ಎಲ್. ಪೈಲಟ್ ಜಮ್‌ಶೇದ್ ಮುನ್ಶಿ ಅವನ್ನ ಹಾರಿಸ್ಕೊಂಡು ತಂದ್ರು. ಇಲ್ಲೆ ಪೂರ್ತಿ ಬಿಚ್ಚಿ ಮತ್ತ ಕಟ್ಟಿದ್ರು. 1948ರ ನವೆಂಬರದಾಗ ಭಾರತೀಯ ವಾಯುದಳದ 5ನೇ ಸ್ಕ್ವಾಡ್ರನ್ ಇವುಗಳ ಮ್ಯಾಲೇನ ಶುರು ಆತು. 1968ರ ತನಕಾ ಲಿಬರೇಟರ್ ನಮ್ಮ ದೇಶದಾಗ ಹಾರಾಡಿದೂ. ಮೂಲದವರು ಗುಜರಿ ಅಂತ ಬಿಟ್ಟು ಹೋಗಿದ್ದು, ಇಪ್ಪತ್ತ ವರ್ಷ!

"ಒಂದರ ಬಾಗಲಾ ಇನ್ನೊಂದಕ್ಕ, ಅದರ ಪತ್ರಾ ಮತ್ತೊಂದಕ್ಕ. ಬಿಸಲಾಗ ನಿಂತ್ರ ಕೌದಿ ಹಂಗ ಕಾಣ್ತಿತ್ತು" ಅಂತಿದ್ದ ದೊಡ್ಡಪ್ಪ. ನನ್ನ ಮಾಡೆಲ್ಲಿನ ಮ್ಯಾಲಿನ ಹೊಳಪಿನ ಫರಕು ಆ ಕೌದಿದು. ನಾಲ್ಕ ನಮೂನಿ ಬೆಳ್ಳಿ ಬಣ್ಣ ಕಲಸಿ, ಟೇಪ್ ಹಚ್ಚಿ ಹಚ್ಚಿ ಹೊಡದಿದ್ದು. ಫ್ಯಾಕ್ಟರಿ ನಕಾಶೆ ಹಿಡಕೊಂಡು ಅದನ್ನ ತಪ್ಪು ಅನ್ನೋದಂದ್ರ, ತ್ಯಾಪಿ ಹಚ್ಚಿದ ಕೈಗಳನ್ನ ತಪ್ಪು ಅಂದಂಗ. ನಕಾಶೆ ಎಲ್ಲಾ ವಿಮಾನಕ್ಕೂ ಒಂದ. ಆದ್ರ ಹಾರಿದ ಪ್ರತಿಯೊಂದು ವಿಮಾನದ ಜಾತಕ ಬ್ಯಾರೆ. ನಮ್ಮ ಶಾಣ್ಯಾರು ನಕಾಶೆಗೆ ತಿದ್ದತಾರ, ಜಾತಕ ಓದಂಗಿಲ್ಲ.

ಮಾಡೆಲ್ ಮಾಡೋವರದಷ್ಟ ತಪ್ಪಲ್ಲ ಇದು. ಅಮೆರಿಕ 18 ಸಾವಿರಕ್ಕೂ ಹೆಚ್ಚು ಲಿಬರೇಟರ್ ತಯಾರ ಮಾಡಿತ್ತು. ಯುದ್ಧ ಮುಗದ ಮ್ಯಾಲೆ ಹೆಚ್ಚು ಕಡಿಮಿ ಎಲ್ಲಾನೂ ಕರಗಿಸಿಬಿಟ್ಟರು. ಇವತ್ತ ಉಳದಿದ್ದು ಬೆರಳಿಂದ ಎಣಿಸೋ ಅಷ್ಟು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಂದು ನಮ್ಮ ವಾಯುದಳದಿಂದ ಹೋಗಿದ್ದು. ಅರಿಜೋನಾದ ಪೀಮಾ ಮ್ಯೂಸಿಯಮ್ಮಿಂದೂ ನಮ್ಮಲ್ಲಿಂದ, ಕೆನಡಾದ ಒಟ್ಟಾವಾದ್ದೂ ನಮ್ಮಲ್ಲಿಂದ. ಅಮೆರಿಕದಾಗ ವರ್ಷಾನುಗಟ್ಟಲೆ ಹಾರಿ ತೋರಿಸಿದ ಕಾಲಿಂಗ್ಸ್ ಫೌಂಡೇಶನ್ನಿನ ವಿಮಾನನೂ ನಮ್ಮಲ್ಲಿಂದನ. ಹೋದ ಮ್ಯಾಲೆ ಒಂದಕ್ಕ ಬ್ರಿಟಿಷ್ ಬಣ್ಣ, ಒಂದಕ್ಕ ಕೆನಡಾದ್ದು, ಮಿಕ್ಕಿದ್ದಕ್ಕ ಅಮೆರಿಕದ್ದು. ನಮ್ಮ ಚಕ್ರ ಬಣ್ಣದ ಕೆಳಗ ಹೋತು.

ಅವರ ದುಃಖ ನನಗ ತಿಳೀತದ. 1943ರ ಆಗಸ್ಟ್ 1ಕ್ಕ ರೊಮಾನಿಯಾದ ಪ್ಲೋಯೆಸ್ಟಿ ಎಣ್ಣಿ ಕಾರಖಾನಿ ಮ್ಯಾಲೆ ಹೋದ 177 ಲಿಬರೇಟರಿನೊಳಗ 50ಕ್ಕೂ ಹೆಚ್ಚು ಹೊಳ್ಳಿ ಬರಲಿಲ್ಲ. ಒಂದೊಂದರಾಗ ಹತ್ತಹತ್ತ ಮಂದಿ ಹುಡುಗರು. ಅವರ ನೆನಪಿಗೆ ಬಣ್ಣ ಹಚ್ಚಲಿ, ಕೈ ಮುಗೀತೇನಿ. ಆದ್ರ ಆ ನೆನಪು ಹಚ್ಚಲಿಕ್ಕೆ ಒಂದು ವಿಮಾನ ಉಳದದಲ್ಲಾ, ಅದು ಉಳದಿದ್ದು ಯಾರಿಂದ? ಗೋಡಿ ಮ್ಯಾಲಿನ ಹಲಗಿಯೊಳಗ ಒಂದ ಸಾಲಿನ್ಯಾಗ ಮುಗಸೋ ಕೆಲಸ ಏನದು? ಪರದೇಶದವರದು ಬಿಡ್ರಿ, ನಮ್ಮೂರ ಪ್ರದರ್ಶನದಾಗ ನಮ್ಮ ಮಂದಿನ "ಭಾರತದ ಗುರ್ತು ತಗೀರಿ" ಅಂದ್ರ ಯಾರ ಮುಂದ ಹೇಳೋದು?

ಕಿಟ್ಟಿನ ಡಬ್ಬಿಯೊಳಗ ನಮ್ಮ ಗುರ್ತಿನ ಸ್ಟಿಕ್ಕರ್ ಇರಲಿಲ್ಲ. ನಡುವ ಹಸಿರು, ಆಮ್ಯಾಲೆ ಬಿಳಿ, ಹೊರಗ ಕೇಸರಿ. ನನ್ನ ಮಗಳು ಕಂಪ್ಯೂಟರಿನ್ಯಾಗ ಬರದು, ಪ್ರಿಂಟ್ ತಗದು ಕತ್ತರಿಸಿ ಕೊಟ್ಲು. ಒಂದು ಒಂಚೂರು ಸೊಟ್ಟ ಕೂತದ. ಅದಕ್ಕ ಮಾರ್ಕ್ಸ್ ಕಡಿಮಿ ಮಾಡ್ರಿ, ಬಾಯಿ ಮುಚ್ಚಿಕೊಂಡು ಒಪ್ಪತೇನಿ.

ಆದ್ರ ಬಣ್ಣ ತಿದ್ದಂಗಿಲ್ಲ. ನಿನ್ನೆ ಹೆಂಡತಿಗೆ ಇದನ್ನೆಲ್ಲಾ ಹೇಳಿದೆ. ಪೂರ್ತಿ ಕೇಳಿ, ಹಾಲಿನ ಕಪಾಟಿನ ಮ್ಯಾಲೆ ದೊಡ್ಡಪ್ಪನ ಫೋಟೋದ ಬಾಜೂಕ ಜಾಗಾ ಮಾಡಿ ಕೊಟ್ಲು. "ಇಲ್ಲೆ ಇರಲಿ, ನನಗ ಟೇಬಲ್ ಬಿಟ್ಟರ ಸಾಕು" ಅಂದ್ಲು. ಇವತ್ತ ರಾತ್ರಿ ನಾಲ್ಕೂ ಮಂದಿ ಟೇಬಲ್ ಮ್ಯಾಲೆ ತಾಟು ಇಟಗೊಂಡು ಉಂಡ್ವಿ. ನಿಮ್ಮ ಮನ್ಯಾಗೂ ಹಿಂಗ ಯಾರರೆ ದೊಡ್ಡಪ್ಪ, ಅಜ್ಜ ಕಾರಖಾನಿಯೊಳಗ ತ್ಯಾಪಿ ಹಚ್ಚಿದವ್ರು ಇದ್ರ, ಅವರ ಕೆಲಸ ಯಾವ ಬಣ್ಣದ ಕೆಳಗ ಹೋಗೇದ, ಒಂದಿಷ್ಟು ಕೆರದು ನೋಡ್ರಿ.