ನಾಯಿಪಾಡು, ಹೊಟ್ಟೆಪಾಡು

ಹೊರನಾಡಿನಲ್ಲಿ ನೆಲೆಸಿದ ನಮ್ಮ ಕ್ಯಾಲೆಂಡರುಗಳಲ್ಲಿ ಊರಿಗೆ ಹೋಗುವ ದಿನಗಳು ಮೊದಲೇ ಗುರುತಾಗಿರುತ್ತವೆ. ದೀಪಾವಳಿ, ಊರ ಜಾತ್ರೆ, ಹಿರಿಯರ ತಿಥಿ, ಮೇ ತಿಂಗಳ ಮದುವೆಗಳು. ರೈಲಿನ ಟಿಕೆಟ್ಟು, ರಜೆಯ ಅರ್ಜಿ ಎಲ್ಲವೂ ಮುಂಚಿತವಾಗಿಯೇ ಆಗುತ್ತವೆ. ಮನೆಯಲ್ಲಿ ನಾಯಿ ಇರುವವರಿಗೆ ಮಾತ್ರ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇದನ್ನು ಯಾರ ಬಳಿ ಬಿಡುವುದು? ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮನೆಯವರೆಲ್ಲ ಪರಊರಿಗೆ ಹೋದರೂ ಓಣಿಯಲ್ಲಿ ಯಾರಾದರೊಬ್ಬರು ಹೊತ್ತಿಗೆ ಒಂದು ರೊಟ್ಟಿ ಹಾಕುತ್ತಿದ್ದರು. ನಾಯಿಯೂ ಅರ್ಧ ಓಣಿಯದೇ ಆಗಿತ್ತು. ಪುಣೆಯ ಏಳನೆಯ ಮಹಡಿಯಲ್ಲಿ ಓಣಿ ಇಲ್ಲ. ಓಣಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹಣ ಪಡೆದು ಮಾಡುವವರಿದ್ದಾರೆ. ನಗರದ ಹೊರವಲಯದಲ್ಲಿ, ಮುಳಶಿಯ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕುಟುಂಬ ನಡೆಸುವ ನಾಯಿಗಳ ಬೋರ್ಡಿಂಗ್ ಅಂಥದ್ದು. ನಾಲ್ಕು ವರ್ಷಗಳಿಂದ ನಮ್ಮ ಕರಿಯನನ್ನು ಅಲ್ಲಿ ಬಿಟ್ಟು ಊರಿಗೆ ಹೋಗುತ್ತಿದ್ದೇವೆ.

ನಾನು ಹೇಳಬೇಕೆಂದಿರುವುದು ಸರಳವಾದ ಮಾತು. ಇಂಥ ಜಾಗದಲ್ಲಿ ನಾಯಿಯನ್ನು ಬಿಡುವಾಗ ಹಣಕ್ಕಿಂತ ಮೊದಲು ನಾವು ನಿಜವನ್ನು ಸಲ್ಲಿಸಬೇಕು. ಬಹುಮಟ್ಟಿಗೆ ನಾವು ಅದನ್ನು ಸಲ್ಲಿಸುವುದಿಲ್ಲ. ಇದನ್ನು ಬೇರೆಯವರ ಮೇಲಿನ ದೂರಾಗಿ ಹೇಳುವ ಹಕ್ಕು ನನಗಿಲ್ಲ. ಸಲ್ಲಿಸದವರಲ್ಲಿ ನಾನೂ ಒಬ್ಬ.

ಕರಿಯ ಬೀದಿಯಲ್ಲಿ ಸಿಕ್ಕ ಮರಿ. ಮಳೆಗಾಲದ ಒಂದು ಸಂಜೆ, ಪಕ್ಕೆಯ ಎಲುಬು ಎಣಿಸುವಂತಿದ್ದಾಗ, ನಮ್ಮ ಕಟ್ಟಡದ ಪಂಪಿನ ಕೋಣೆಯ ಹಿಂದೆ ಮಗಳಿಗೆ ಸಿಕ್ಕಿದ. ಮನೆಮಂದಿಯೆಲ್ಲರಿಗೂ ಅಚ್ಚುಮೆಚ್ಚು. ಆದರೆ ಉಣ್ಣುವಾಗ ಬಟ್ಟಲಿನ ಬಳಿ ಯಾರಾದರೂ ಕೈ ತಂದರೆ ಅವನು ಬೇರೆಯೇ ನಾಯಿಯಾಗುತ್ತಿದ್ದ. ಹಸಿದು ಬೆಳೆದ ಮರಿಗಳಲ್ಲಿ ಅನ್ನ ಕಾಯುವ ಈ ಗುಣ ಕಾಣುವುದುಂಟು. ಒಮ್ಮೆ ನನ್ನ ತಮ್ಮನ ಮಗ ಅವನ ತಲೆ ಸವರಲು ಹೋಗಿ ಕೈ ಕಚ್ಚಿಸಿಕೊಂಡಿದ್ದ. ತಂದೆಯ ಮೊದಲ ವರ್ಷದ ತಿಥಿಗೆ ಧಾರವಾಡಕ್ಕೆ ಹೋಗಬೇಕಾಗಿ ಬಂದಾಗ ನಾನು ವಿಚಾರಿಸಿದ ಮೊದಲ ಬೋರ್ಡಿಂಗಿನಲ್ಲಿ ಇದನ್ನು ಇದ್ದಂತೆಯೇ ಹೇಳಿದೆ. ಕಚ್ಚುವ ನಾಯಿ ಬೇಡ ಎಂದು ಫೋನ್ ಇಟ್ಟರು. ಎರಡನೆಯ ಕಡೆ ನಾನು ಜಾಣನಾದೆ. ಅಲ್ಲಿ ಕೊಟ್ಟ ಫಾರ್ಮಿನಲ್ಲಿ 'ನಾಯಿ ಹಿಂದೆ ಯಾರನ್ನಾದರೂ ಕಚ್ಚಿದೆಯೇ?' ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಆ ಬೋರ್ಡಿಂಗನ್ನು ನಡೆಸುವವರು ಗಂಡ, ಹೆಂಡತಿ, ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗ. ಹೆಂಡತಿಯನ್ನು ಎಲ್ಲರೂ ತಾಈ ಎನ್ನುತ್ತಾರೆ. ಮರಾಠಿಯಲ್ಲಿ ಅದು ಅಕ್ಕ. ಕನ್ನಡದ ಕಿವಿಗೆ ತಾಯಿಯೆಂದೇ ಕೇಳಿಸುತ್ತದೆ. ಕರಿಯನನ್ನು ಬಿಟ್ಟ ಮೂರನೆಯ ದಿನ, ಬಟ್ಟಲನ್ನು ಸರಿಸಲು ಬಗ್ಗಿದ ತಾಈಯ ಬಲಗೈಯನ್ನು ಅವನು ಕಚ್ಚಿ ಹಿಡಿದ. ನನಗೆ ಫೋನ್ ಬರಲಿಲ್ಲ. ತಿಥಿಯ ಮನೆಗೆ ಇದನ್ನೇಕೆ ಹೇಳುವುದೆಂದು ಸುಮ್ಮನಾಗಿದ್ದರಂತೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು, ಆಸ್ಪತ್ರೆಗೆ ಹೋಗಿದ್ದರು. ನಾಯಿಗಳ ನಡುವೆ ದುಡಿಯುವವರಾದ್ದರಿಂದ ರೇಬಿಸ್ ಬರದಂತೆ ಮುಂಜಾಗ್ರತೆಯ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿದ್ದರು. ಹಾಗಾಗಿ ಅಂದು ಒಂದು, ಮೂರು ದಿನ ಕಳೆದು ಇನ್ನೊಂದು ಚುಚ್ಚುಮದ್ದಿಗೆ ಮುಗಿಯಿತು. ಗಾಯ ಒಣಗುವವರೆಗೆ ಮಾತ್ರ ಆ ಕೈಯಿಂದ ಬಕೆಟ್ಟು ಎತ್ತಲಾಗಲಿಲ್ಲ.

ನಾನು ಹಿಂದಿರುಗಿ ಬಂದಾಗ ಅವರೆಂದದ್ದು ಇಷ್ಟು: "ಕಾಕಾ, ನಾಯಿಯ ತಪ್ಪೇನೂ ಇಲ್ಲ. ಗೊತ್ತಿದ್ದಿದ್ದರೆ ಕೊನೆಯ ಕೋಣೆಯಲ್ಲಿ ಇಡುತ್ತಿದ್ದೆ. ಅಲ್ಲಿ ನಡುವೆ ಎತ್ತಿ ಇಳಿಸುವ ಹಲಗೆಯಿದೆ. ನಾಯಿ ಆ ಕಡೆ ಇದ್ದಾಗ ಈ ಕಡೆ ಬಟ್ಟಲಿಟ್ಟು ಹೊರಗೆ ಬರಬಹುದು." ಆಗಲೂ ನಾನು ತಕ್ಷಣ ಬಾಯಿ ಬಿಡಲಿಲ್ಲ. ಗೇಟಿನವರೆಗೆ ಹೋಗಿ, ಕರಿಯನನ್ನು ಕಾರಿನಲ್ಲಿ ಕೂರಿಸಿ, ಮತ್ತೆ ಒಳಗೆ ಬಂದು ನಿಜ ಹೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಆ ಪ್ರಶ್ನೆಗೆ ಎಲ್ಲರೂ ಇಲ್ಲ ಎಂದೇ ಬರೆಯುತ್ತಾರೆ," ಎಂದರು.

ನನ್ನನ್ನು ಬಹಳ ದಿನ ಕಾಡಿದ್ದು ಆ ಮಾತು. ಅವರು ಮಾಡುವ ಕೆಲಸವೇನೆಂದು ನನಗೆ ಸರಿಯಾಗಿ ತಿಳಿದೇ ಇರಲಿಲ್ಲ ಎಂಬುದು ಹೊಳೆದು, ಅನುಮತಿ ಕೇಳಿ ಒಂದು ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಇದ್ದೆ.

ಅಲ್ಲಿ ದಿನ ಐದು ಗಂಟೆಗೆ ಆರಂಭವಾಗುತ್ತದೆ. ಹದಿನೆಂಟು ಕೋಣೆಗಳ ನಾಯಿಗಳನ್ನು ಒಟ್ಟಿಗೆ ಬಿಡುವಂತಿಲ್ಲ. ಯಾವುದಕ್ಕೆ ಯಾವುದು ಆಗದು, ಯಾವುದು ಬೇಲಿ ಹಾರುತ್ತದೆ ಎಂಬ ಲೆಕ್ಕದ ಮೇಲೆ ಮೂರು ನಾಲ್ಕರಂತೆ ಅಂಗಳಕ್ಕೆ ಬಿಡುತ್ತಾರೆ. ಅಂದು ಒಂದು ಮುಧೋಳ ನಾಯಿಯೂ ಇತ್ತು. ಮಹಾರಾಷ್ಟ್ರದಲ್ಲಿ ಅದನ್ನು ಕಾರವಾನ್ ಎನ್ನುತ್ತಾರೆ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡುವ ತಳಿಯದು. ಅದು ಅಂಗಳದಲ್ಲಿರುವಷ್ಟು ಹೊತ್ತು ಮಗ ಬೇಲಿಯ ಬಳಿಯಿಂದ ಕದಲಲಿಲ್ಲ. ನಾಯಿಗಳು ಹೊರಗಿದ್ದಾಗ ಕೋಣೆಗಳ ಶುಚಿ. ತೊಳೆಯುವ ಮೊದಲು ತಾಈ ಪ್ರತಿ ಕೋಣೆಯ ಮಲವನ್ನು ನೋಡುತ್ತಾರೆ. ತೆಳ್ಳಗಿದೆಯೇ, ರಕ್ತವಿದೆಯೇ, ಹುಳುವಿದೆಯೇ ಎಂದು ನೋಡಿ ಗೋಡೆಯ ಹಲಗೆಯ ಮೇಲೆ ಗುರುತು ಹಾಕುತ್ತಾರೆ. ಆಮೇಲೆ ಬ್ಲೀಚಿಂಗ್ ಪುಡಿ ಕಲಸಿದ ನೀರು, ಅದರ ಮೇಲೆ ಬರಿ ನೀರು, ಕೊನೆಗೆ ಒಣ ಬಟ್ಟೆ.

ಎಂಟು ಗಂಟೆಗೆ ಊಟ. ಒಂದಕ್ಕೆ ಮೊಸರನ್ನ, ಒಂದಕ್ಕೆ ಕೋಳಿ ಮತ್ತು ಕುಂಬಳಕಾಯಿ, ಒಂದಕ್ಕೆ ಪೊಟ್ಟಣದ ಒಣ ಆಹಾರ. ಜೈನರ ಮನೆಯಿಂದ ಬಂದ ಲ್ಯಾಬ್ರಡಾರ್‌ಗೆ ಪನೀರು. ಊಟ ಒಮ್ಮೆಲೇ ಬದಲಾದರೆ ನಾಯಿಯ ಹೊಟ್ಟೆ ಕೆಡುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸುವ ಸುಖ ಅವರಿಗಿಲ್ಲ. ಮೂರ್ಛೆ ರೋಗದ ನಾಯಿಯೊಂದಕ್ಕೆ ಹನ್ನೆರಡು ಗಂಟೆಗೊಮ್ಮೆ ಮಾತ್ರೆ, ಒಂದು ಹೊತ್ತೂ ತಪ್ಪುವಂತಿಲ್ಲ. ಮಧ್ಯಾಹ್ನ ಅತ್ತೆ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೇ ಕರೆದು ಕಿವಿಯ ಸಂದಿ, ಬೆರಳುಗಳ ನಡುವೆ ಉಣ್ಣೆ ಹುಡುಕುತ್ತಾರೆ. ಉಣ್ಣೆಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲಬಲ್ಲದು. ನಾಯಿಯ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿ ಜ್ವರ ಹೇಳಲಾಗದು, ಥರ್ಮಾಮೀಟರನ್ನೇ ನಂಬಬೇಕು. ಸಂಜೆ ಮತ್ತೆ ಅಂಗಳ, ಮತ್ತೆ ಊಟ. ಎದೆ ಆಳವಾಗಿರುವ ದೊಡ್ಡ ತಳಿಗಳನ್ನು ಉಂಡ ಮೇಲೆ ಓಡಲು ಬಿಡುವುದಿಲ್ಲ, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ರಾತ್ರಿ ಗಂಡ ಕೋಣೆಗಳ ಸಾಲಿನ ತುದಿಯಲ್ಲಿ ಮಂಚ ಹಾಕಿಕೊಳ್ಳುತ್ತಾರೆ. ಒಂದು ಬೊಗಳಿದರೆ ಹದಿನೆಂಟೂ ಬೊಗಳುತ್ತವೆ. ಮೊದಲನೆಯದನ್ನು ಸುಮ್ಮನಾಗಿಸಲು ಯಾರಾದರೂ ಹತ್ತಿರವಿರಬೇಕು.

ಈ ಕುಟುಂಬ ಮದುವೆಗೆ ಒಟ್ಟಿಗೆ ಹೋದದ್ದಿಲ್ಲ. ಹಬ್ಬಗಳು ನಮಗೆ ರಜೆಯಾದ್ದರಿಂದ ಅವರಿಗೆ ದುಡಿಮೆ. ದೀಪಾವಳಿಯ ರಾತ್ರಿ ಪಟಾಕಿಗೆ ನಡುಗುವ ನಾಯಿಗಳ ನಡುವೆ ರೇಡಿಯೊ ಜೋರಾಗಿ ಹಚ್ಚಿಕೊಂಡು ನಾಲ್ವರೂ ಕುಳಿತಿರುತ್ತಾರೆ. ಮೇ ತಿಂಗಳಲ್ಲಿ ಕೋಣೆ ಸಾಲದು, ಜುಲೈ ಬಂತೆಂದರೆ ಅರ್ಧ ಖಾಲಿ. ಜಾಗದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ಕಷ್ಟದ ಬಾಳಿಗೆ ಕನ್ನಡದಲ್ಲಿ ನಾಯಿಪಾಡು ಎನ್ನುತ್ತೇವೆ. ಅಂದು ರಾತ್ರಿ ಮನೆಗೆ ಮರಳುವಾಗ, ಆ ಅಂಗಳದ ಮಟ್ಟಿಗೆ ನಾಯಿಪಾಡು ನಾಯಿಗಳದಲ್ಲ ಎನ್ನಿಸಿತು. ಅವರದು ಹೊಟ್ಟೆಪಾಡು ನಿಜ, ಆದರೆ ಹೊಟ್ಟೆಪಾಡಿಗೆ ಬೇಕಾದಷ್ಟನ್ನು ಮಾತ್ರ ಮಾಡುವವರು ಮಲವನ್ನು ನೋಡಿ ಗೋಡೆಯ ಮೇಲೆ ಬರೆದಿಡುವುದಿಲ್ಲ.

ಇಷ್ಟೆಲ್ಲ ಎಚ್ಚರವೂ ನಾವು ಬರೆದುಕೊಡುವ ಒಂದು ಹಾಳೆಯ ಮೇಲೆ ನಿಂತಿದೆ. ಮೂರ್ಛೆಯ ನಾಯಿಯ ಮಾತ್ರೆಯ ಸಮಯ ಅವರಿಗೆ ಗೊತ್ತಾದದ್ದು ಮಾಲೀಕರು ಹೇಳಿದ್ದರಿಂದ. ಹೇಳದಿದ್ದರೆ? ನಿನ್ನೆಯಿಂದ ಕೆಮ್ಮುತ್ತಿರುವ ನಾಯಿಯನ್ನು ಔಷಧ ಕುಡಿಸಿ ತಂದು ಬಿಡುವವರಿದ್ದಾರೆ. ಕೆನಲ್ ಕಾಫ್ ಎನ್ನುವ ಆ ಕೆಮ್ಮು ಉಸಿರಿನಿಂದಲೇ ಹರಡಿ ಇಡೀ ಸಾಲನ್ನು ಹಿಡಿಯುತ್ತದೆ. ಲಸಿಕೆಯ ಪುಸ್ತಕದಲ್ಲಿ ಹಳೆಯ ತಾರೀಖನ್ನು ತಿದ್ದುವವರಿದ್ದಾರೆ. ಪಾರ್ವೊ ವೈರಾಣು ಒಮ್ಮೆ ಅಂಗಳದ ಮಣ್ಣಿಗೆ ಸೇರಿದರೆ ತಿಂಗಳುಗಟ್ಟಲೆ ಉಳಿದು ಮುಂದೆ ಬರುವ ಮರಿಗಳನ್ನು ಕಾಯುತ್ತದೆ. ಹೆಣ್ಣುನಾಯಿ ಬೆದೆಗೆ ಬಂದದ್ದನ್ನು ಮುಚ್ಚಿಡುವವರಿದ್ದಾರೆ, ಬೇಲಿ ಹಾರುವ ಚಟವನ್ನು ಹೇಳದವರಿದ್ದಾರೆ. ಯಾರೂ ಕೆಟ್ಟವರಲ್ಲ. ಎಲ್ಲರ ಕೈಯಲ್ಲೂ ನನ್ನಂತೆ ಒಂದು ಟಿಕೆಟ್ಟು ಇರುತ್ತದೆ.

ಹಣ ಕೊಡುತ್ತೇವಲ್ಲ, ಅಪಾಯ ಅವರ ಕಸುಬಿನದೇ ಭಾಗವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಕಸುಬಿನ ಅಪಾಯ ಬೇರೆ, ನಾವು ಬಚ್ಚಿಟ್ಟು ಒಪ್ಪಿಸುವ ಅಪಾಯ ಬೇರೆ. ಮೊದಲನೆಯದಕ್ಕೆ ಅವರು ಲಸಿಕೆ ಹಾಕಿಸಿಕೊಂಡಿದ್ದಾರೆ, ಹಲಗೆಯ ಕೋಣೆ ಕಟ್ಟಿಸಿದ್ದಾರೆ. ಎರಡನೆಯದರ ಮುಂದೆ ಆ ಸಿದ್ಧತೆ ನಿರುಪಯೋಗಿ. ದೊಡ್ಡ ಸಂಸ್ಥೆಯಲ್ಲಾದರೆ ಒಬ್ಬ ನೌಕರ ಗಾಯಗೊಂಡರೆ ಇನ್ನೊಬ್ಬ ಬರುತ್ತಾನೆ. ನಾಲ್ಕೇ ಜನರ ಮನೆಯಲ್ಲಿ ಒಂದು ಕೈ ಕಟ್ಟಿಹಾಕಿದರೆ ಹದಿನೆಂಟು ನಾಯಿಗಳ ದಿನಚರಿಯೇ ಕುಂಟುತ್ತದೆ. ನಿಜ ಹೇಳಿದರೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬ ವಾದಕ್ಕೆ ಬಲವಿದೆ. ನನ್ನ ಸುಳ್ಳು ಹುಟ್ಟಿದ್ದೇ ಅಲ್ಲಿಂದ. ಆದರೆ ಬೇಡವೆನ್ನುವ ಹಕ್ಕು ಅವರಿಗೆ ಇರಲೇಬೇಕು. ಬೇಡವೆಂದವರು ಕಚ್ಚುವ ನಾಯಿಯನ್ನು ನಿಭಾಯಿಸಲು ತಮ್ಮಿಂದಾಗದು ಎಂಬ ನಿಜವನ್ನಾದರೂ ನನಗೆ ಹೇಳಿದ್ದರು.

ನಿಜದ ಬಾಕಿ ಒಂದೇ ಕಡೆಯದಲ್ಲ. ಕುಟುಂಬ ನಡೆಸುತ್ತದೆ ಎಂದಮಾತ್ರಕ್ಕೆ ಒಂದು ಬೋರ್ಡಿಂಗ್ ಒಳ್ಳೆಯದಾಗುವುದಿಲ್ಲ. ನಾಯಿ ಮಲಗುವ ಜಾಗ ತೋರಿಸಲು ಹಿಂಜರಿಯುವವರು, ರಾತ್ರಿ ಯಾರಿರುತ್ತಾರೆ ಎಂಬ ಪ್ರಶ್ನೆಗೆ ಕ್ಯಾಮೆರಾ ತೋರಿಸುವವರು, ಜಗಳದಲ್ಲಾದ ಗಾಯವನ್ನು ಕೂದಲಿನಡಿ ಮುಚ್ಚಿ ಕಳುಹಿಸುವವರು ಇದ್ದಾರೆ. ತಾಈ ಕರಿಯನ ಕಚ್ಚನ್ನು ಮೂರನೆಯ ದಿನವೇ ನನಗೆ ತಿಳಿಸಬೇಕಾಗಿತ್ತು ಎಂದೇ ನಾನು ಹೇಳುತ್ತೇನೆ. ತಿಥಿಯ ಮನೆಯಾದರೂ ಸರಿ. ಅವರಿಗೂ ಹಾಗೆಂದೇ ಹೇಳಿದ್ದೇನೆ.

ಇನ್ನೊಂದು ಸುಳ್ಳು ಇವೆಲ್ಲಕ್ಕಿಂತ ದೊಡ್ಡದು: ವಾಪಸು ಬರುತ್ತೇವೆ ಎನ್ನುವುದು. ಆ ಅಂಗಳದಲ್ಲಿ ಒಂದು ಮುದಿ ಲ್ಯಾಬ್ರಡಾರ್ ಇದೆ. ಹತ್ತು ದಿನಕ್ಕೆಂದು ಬಿಟ್ಟುಹೋದ ಮನೆಯವರು ಪರದೇಶಕ್ಕೆ ತೆರಳಿದ್ದು ಆಮೇಲೆ ತಿಳಿಯಿತು. ಫೋನ್ ಸಂಖ್ಯೆ ಈಗ ಬಳಕೆಯಲ್ಲಿಲ್ಲ. ಕಾನೂನಿನಿಂದ ಹೆಚ್ಚೇನೂ ಆಗದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆನ್ನುತ್ತದೆ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ಲ್ಯಾಬ್ರಡಾರ್ ಹಸಿದಿಲ್ಲ, ಬಾಯಾರಿಲ್ಲ. ತಾಈ ಹೊತ್ತಿಗೆ ಸರಿಯಾಗಿ ಉಣಿಸುತ್ತಿರುವುದರಿಂದ ಆ ಮಾತುಗಳ ಅಳತೆಗೆ ಅದರ ಪಾಡು ಸಿಗುವುದೂ ಕಷ್ಟ. ಮಹಾಭಾರತದ ಕೊನೆಯಲ್ಲಿ ಧರ್ಮರಾಯ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಏರಲಾರೆ ಎಂದ. ನಮ್ಮದು ಹುಬ್ಬಳ್ಳಿಯ ಕಡೆ ಹೋಗುವ ರೈಲು. ನಾವು ಬಿಟ್ಟೇ ಹತ್ತಬೇಕಾಗುತ್ತದೆ. ಯಾರ ಕೈಗೆ ಬಿಟ್ಟೆವು, ಅವರಿಗೆ ಏನು ಹೇಳಿ ಬಿಟ್ಟೆವು ಎಂಬುದರಲ್ಲಾದರೂ ನಮ್ಮ ಧರ್ಮ ಉಳಿಯಬೇಕು.

ಆದ್ದರಿಂದ ಈ ಬಳಗದ ಓದುಗರಲ್ಲಿ ನಾಯಿ ಸಾಕಿದವರಿಗೆ ನನ್ನ ಕೋರಿಕೆ ಇಷ್ಟು. ಫಾರ್ಮನ್ನು ಗೇಟಿನ ಬಳಿ, ಕಾರು ಚಾಲೂ ಇಟ್ಟುಕೊಂಡು ತುಂಬಬೇಡಿ. ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು ತುಂಬಿ. ನಾಯಿಯ ದುರ್ಗುಣಗಳನ್ನು ಸದ್ಗುಣಗಳಿಗಿಂತ ಮೊದಲು ಬರೆಯಿರಿ. ನೀವು ಸಿಗದಿದ್ದರೆ ನಿರ್ಧಾರ ತೆಗೆದುಕೊಳ್ಳಬಲ್ಲ ಇನ್ನೊಬ್ಬರ ಸಂಖ್ಯೆ ಕೊಡಿ. ಬರುವ ದಿನ ತಪ್ಪಿದರೆ ಮೊದಲೇ ಫೋನ್ ಮಾಡಿ. ಅವರಿಂದಲೂ ಅಷ್ಟೇ ನಿಜವನ್ನು ಕೇಳಿ ಪಡೆಯಿರಿ.

ಕಳೆದ ದೀಪಾವಳಿಗೆ ನಾನು ಆ ಪ್ರಶ್ನೆಯ ಮುಂದೆ ಬರೆದೆ: 'ಹೌದು. ಎರಡು ಸಲ. ಒಮ್ಮೆ ನನ್ನ ತಮ್ಮನ ಮಗನನ್ನು, ಒಮ್ಮೆ ನಿಮ್ಮನ್ನು. ಉಣ್ಣುವಾಗ ಹತ್ತಿರ ಹೋಗಬಾರದು.' ತಾಈ ಅದನ್ನು ಓದಿ, ಮಗನನ್ನು ಕರೆದು, ಕೊನೆಯ ಕೋಣೆಯ ಹಲಗೆ ಸರಾಗವಾಗಿ ಏರಿಳಿಯುತ್ತದೆಯೇ ನೋಡು ಎಂದರು. ಕರಿಯ ಬಾಲ ಅಲ್ಲಾಡಿಸುತ್ತ ಅವನ ಹಿಂದೆಯೇ ಹೋದ.