ಕರಾರಿಗೆ ಸಹಿ ಮಾಡಿದವನಿಗೆ ಕೇಳುವ ಹಕ್ಕಿಲ್ಲವೇ?

ಅಲ್ಪಸಂಖ್ಯಾತರ ರಕ್ಷಣೆಯು ಆಯಾ ರಾಷ್ಟ್ರದ ಒಳಮನೆಯ ವಿಷಯ, ನೆರೆಯ ರಾಷ್ಟ್ರವು ಅದರಲ್ಲಿ ತಲೆಹಾಕುವುದು ಅಧಿಕಪ್ರಸಂಗ ಎನ್ನುವವರು ಎಲ್ಲ ದೇಶಗಳಲ್ಲಿಯೂ ಉಂಟು. ಈ ವಾದವನ್ನು ನಾವು ಒಪ್ಪಲಾರೆವು. ದಕ್ಷಿಣ ಟಿರೋಲಿನ ಚರಿತ್ರೆಯೊಂದೇ ಅದರ ಖಂಡನೆಗೆ ಸಾಕು.

ಆಲ್ಪ್ಸ್ ಪರ್ವತಗಳ ನಡುವಿನ, ಬಹುತೇಕ ಜರ್ಮನ್ ನುಡಿಯ ಈ ಸೀಮೆಯನ್ನು ೧೯೧೯ರ ಸಂಧಾನವು ಆಸ್ಟ್ರಿಯದಿಂದ ಕಿತ್ತು ಇಟಲಿಗೆ ಕೊಟ್ಟಿತು. ಅದೇ ಕಾಲದಲ್ಲಿ ಪೋಲೆಂಡ್, ರುಮಾನಿಯಾಗಳಿಂದ ಅಲ್ಪಸಂಖ್ಯಾತರ ರಕ್ಷಣೆಯ ಕರಾರು ಬರೆಯಿಸಿಕೊಂಡ ದೊಡ್ಡ ರಾಷ್ಟ್ರಗಳು, ತಮ್ಮ ಪಂಕ್ತಿಯಲ್ಲಿಯೇ ಕುಳಿತಿದ್ದ ಇಟಲಿಯಿಂದ ಅಂಥ ಕರಾರನ್ನು ಬರೆಯಿಸಿಕೊಳ್ಳಲಿಲ್ಲ. ಬಡವನಿಂದ ಜಾಮೀನು, ಗೆಳೆಯನಿಂದ ಬರಿಯ ಬಾಯಿಮಾತು! ಫಲವೇನಾಯಿತು? ೧೯೨೩ರಿಂದ ಮುಸೊಲಿನಿಯ ಸರಕಾರವು ಶಾಲೆಗಳಿಂದ ಜರ್ಮನ್ ನುಡಿಯನ್ನು ಹೊರದೂಡಿತು. ಊರುಗಳ ಹೆಸರುಗಳೂ ಇಟಾಲಿಯನ್ ಆದವು. ಮಕ್ಕಳು ತಾಯ್ನುಡಿಯ ಅಕ್ಷರವನ್ನು ಕದ್ದು ಕಲಿಯಬೇಕಾಯಿತು. ೧೯೩೮ರಲ್ಲಿ ಆಸ್ಟ್ರಿಯವನ್ನು ನುಂಗಿದ ಹಿಟ್ಲರನು ಮರುವರ್ಷ ಮುಸೊಲಿನಿಯೊಡನೆ ಕೂಡಿ, ನುಡಿ ಬೇಕಾದರೆ ನೆಲ ಬಿಡಿರಿ, ನೆಲ ಬೇಕಾದರೆ ನುಡಿ ಬಿಡಿರಿ ಎಂಬ ಗತಿಯನ್ನು ಆ ಜನಕ್ಕೆ ತಂದನು. ಸುಮಾರು ೭೫,೦೦೦ ಜನರು ಮನೆಮಾರು ಬಿಟ್ಟು ಹೋದರು.

೧೯೪೬ರ ಸೆಪ್ಟೆಂಬರ್ ೫ರಂದು ಪ್ಯಾರಿಸಿನಲ್ಲಿ ಇಟಲಿಯ ಡೆ ಗಾಸ್ಪೆರಿ ಹಾಗೂ ಆಸ್ಟ್ರಿಯದ ಗ್ರೂಬರ್ ಇವರು ಒಂದು ಪತ್ರಕ್ಕೆ ಸಹಿ ಮಾಡಿದರು. ತಾಯ್ನುಡಿಯ ಶಿಕ್ಷಣ, ಕಚೇರಿಗಳಲ್ಲಿ ಎರಡೂ ನುಡಿಗಳ ಸಮಾನತೆ, ಸ್ವಾಯತ್ತ ಆಡಳಿತ ಇವು ಅದರ ವಚನಗಳು. ಮರುವರ್ಷ ಅದು ಇಟಲಿಯ ಶಾಂತಿಸಂಧಾನಕ್ಕೆ ಅನುಬಂಧವೂ ಆಯಿತು. ಆದರೆ ೧೯೪೮ರ ಶಾಸನವು ಬೊಲ್ಜಾನೊ ಪ್ರಾಂತವನ್ನು ಇಟಾಲಿಯನ್ನರೇ ತುಂಬಿದ್ದ ಟ್ರೆಂಟೊ ಪ್ರಾಂತದೊಡನೆ ಒಂದೇ ಪ್ರದೇಶವಾಗಿ ಹೆಣೆಯಿತು. ಸ್ವಾಯತ್ತತೆ ಬಂದಿತು, ಅಹುದು. ಅದರ ಕೀಲಿಕೈ ಮಾತ್ರ ಬಹುಸಂಖ್ಯಾತರ ಸೊಂಟದಲ್ಲಿ! ವಕೀಲರಾದ ನಾವು ಇಂಥ ಕರಡುಗಳನ್ನು ಬಲ್ಲೆವು. ಮೊದಲನೆಯ ಕಲಮಿನಲ್ಲಿ ಕೊಟ್ಟದ್ದನ್ನು ಎರಡನೆಯದರಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಂಥವು.

ಆಗ ಕೇಳಿದವರಾರು? ಸಹಿ ಮಾಡಿದ ಆಸ್ಟ್ರಿಯವೇ ಕೇಳಿತು. ೧೯೬೦ರಲ್ಲಿ ಅದು ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯ ಮುಂದೆ ದೂರನ್ನು ಒಯ್ದಿತು. ಕರಾರನ್ನು ಪಾಲಿಸಿದ್ದಾಗಿದೆಯೆಂದು ಇಟಲಿಯು ವಾದಿಸಿತು. ಆಸ್ಟ್ರಿಯವು ಕೇಳಿದ್ದು ನೆಲವನ್ನಲ್ಲ, ಕೊಟ್ಟ ಮಾತಿನ ಪಾಲನೆಯನ್ನು. ಈ ಭೇದವನ್ನು ನಮ್ಮ ಪ್ರತಿಪಕ್ಷದವರು ಮರೆಯಬಾರದು. ಉಭಯರೂ ಮತ್ತೆ ಮಾತುಕತೆಗೆ ಕೂಡಬೇಕೆಂದು ಸಭೆಯು ನಿರ್ಣಯಿಸಿತು. ೧೯೬೧ರಲ್ಲಿ ಅಲ್ಲಿ ಬಾಂಬುಗಳೂ ಸಿಡಿದವು. ಅವನ್ನು ನಾವು ಸಮರ್ಥಿಸುವವರಲ್ಲ. ೧೯೭೨ರ ಹೊಸ ಶಾಸನವು ಬಹುಪಾಲು ಅಧಿಕಾರವನ್ನು ಪ್ರದೇಶದಿಂದ ತೆಗೆದು ಎರಡು ಪ್ರಾಂತಗಳಿಗೆ ಬೇರೆಬೇರೆಯಾಗಿ ಹಂಚಿತು. ವ್ಯಾಜ್ಯವು ತೀರಿತೆಂದು ಆಸ್ಟ್ರಿಯವು ರಾಷ್ಟ್ರಸಂಘಕ್ಕೆ ತಿಳಿಸಿದ್ದು ೧೯೯೨ರಲ್ಲಿ.

ಸಹಿಯಾದ ಕರಾರು, ಕೇಳುವ ನೆರೆಯವನು, ವಿಚಾರಿಸುವ ಸಭೆ, ಈ ಮೂರೂ ಇದ್ದು ನಲವತ್ತಾರು ವರ್ಷ! ಒಳಮನೆಯ ವಿಷಯವೆಂದು ಕದವಿಕ್ಕಿದ್ದರೆ ಆ ಜನರು ಯಾರ ಬಾಗಿಲಿಗೆ ಹೋಗಬೇಕಾಗಿತ್ತು?