ಮಷೀನಿಗಿಂತ ಮೊದಲು ಜಾಗ

ಮನೆಯಲ್ಲೇ ಮರಗೆಲಸದ ಅಂಗಡಿ ಇಡಬೇಕೆನ್ನುವವರು ನಮ್ಮ ಹಳ್ಳಿಗಳಲ್ಲಿ ಹಲವರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣ ಕೊಳ್ಳಲು 15,000 ರೂ.ವರೆಗೆ ವೋಚರ್, ತರಬೇತಿ ಮುಗಿಸಿದವರಿಗೆ ಶೇ 5ರ ಬಡ್ಡಿಯಲ್ಲಿ 1 ಲಕ್ಷ ರೂ.ವರೆಗೆ ಮೊದಲ ಕಂತಿನ ಸಾಲ ಇದೆ. ಒಳ್ಳೆಯದೇ. ಆದರೆ ಸಾಲದ ದುಡ್ಡನ್ನೆಲ್ಲ ಮಷೀನಿಗೇ ಸುರಿಯಬೇಡಿ ಎನ್ನುತ್ತೇವೆ ನಾವು. ಮೊದಲು ಜಾಗ ಸರಿಮಾಡಿಕೊಳ್ಳಿ.

ಪಡಸಾಲೆಯಲ್ಲಿ ಮರ ಕೊಯ್ದರೆ ಧೂಳು ಅಡುಗೆಮನೆಗೂ ಹೋಗುತ್ತದೆ, ಮಗುವಿನ ತೊಟ್ಟಿಲಿಗೂ ಹೋಗುತ್ತದೆ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಹಿತ್ತಲಲ್ಲಿ ಗಾಳಿ, ಬೆಳಕು ಆಡುವ ತಗಡಿನ ಶೆಡ್ಡು ಸಾಕು. ಅದಕ್ಕೆ ಅರ್ಥಿಂಗ್ ಇರುವ ಬೇರೆ ಲೈನ್ ಎಳೆಸಿ. ಮನೆಯ ಬಲ್ಬಿನ ವೈರಿಗೆ ಮಷೀನ್ ಸಿಕ್ಕಿಸಬೇಡಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಗರಗಸದ ಚಕ್ರಕ್ಕೆ ಗಾರ್ಡ್ ಇರಲೇಬೇಕು.

ಮೊದಲ ಸ್ಟೂಲು, ಮಣೆಗೆ ಉಳಿ, ಕೊಡತಿ, ಕೈಗರಗಸ ಸಾಲುತ್ತವೆ. ಗಿರಾಕಿ ಕುದುರಿದ ಮೇಲೆ ಮಷೀನ್ ತರಬಹುದು. ಸಾಲವನ್ನು ದುಡಿದು ತೀರಿಸಬಹುದು. ಹೋದ ಬೆರಳು ಮಾತ್ರ ಮತ್ತೆ ಬಾರದು.